ಹುಟ್ಟಿದ ಮಗುವಿಗೂ ಕಳ್ಳನ ಪಟ್ಟ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿತ್ರದುರ್ಗದಲ್ಲಿ ಹೈಸ್ಕೂಲು ಓದುವಾಗ ಹಾಸ್ಟೆಲಿನಲ್ಲಿದ್ದೆ. ಒಂದು ದಿನ ಯಾರದೋ 20 ರೂಪಾಯಿ ಕಾಣೆಯಾಯಿತು. ಯಾರನ್ನೂ ವಿಚಾರಿಸಲಿಲ್ಲ. ನೆಟ್ಟಗೆ ಹೋಗಿ ಕೊರಚ ಜನಾಂಗದ ಹುಡುಗನ ಟ್ರಂಕಿನ ಬೀಗ ಒಡೆದರು. ಒಳಗಿದ್ದದ್ದು ಎರಡು ಅಂಗಿ, ಅವನ ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿ. ದುಡ್ಡು ಆಮೇಲೆ ಕಳೆದುಕೊಂಡವನ ಪುಸ್ತಕದಲ್ಲೇ ಸಿಕ್ಕಿತು.

ಆ ಅನುಮಾನ ಎಲ್ಲಿಂದ ಬಂತು? ಅದಕ್ಕೆ ಒಂದು ಕಾನೂನಿನ ಕಥೆ ಹೇಳಬೇಕು.

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮೊದಲು ಉತ್ತರ ಭಾರತದಲ್ಲಿ. 1911ರ ಹೊಸ ಕಾಯ್ದೆ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಅಂದರೆ ನಮ್ಮ ಮೊಳಕಾಲ್ಮೂರಿನ ಮಗ್ಗುಲಲ್ಲೇ ಇರುವ ಬಳ್ಳಾರಿ ಸೀಮೆಗೂ. ಬಡಗಿಯ ಮಗ ಬಡಗಿಯಾಗುತ್ತಾನೆ, ಹಾಗೇ ಕಳ್ಳನ ಮಗ ಕಳ್ಳನಾಗುತ್ತಾನೆ ಅನ್ನುವುದು ಇದರ ಹಿಂದಿದ್ದ ವಾದ. ಒಂದು ಜನಾಂಗವನ್ನು ಅಪರಾಧಿ ಎಂದು ಸರ್ಕಾರ ಸಾರಿದರೆ ಮುಗಿಯಿತು. ಅದನ್ನು ಯಾವ ಕೋರ್ಟೂ ಪ್ರಶ್ನೆ ಮಾಡುವ ಹಾಗಿರಲಿಲ್ಲ. ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು, ಕರೆದಾಗ ಹೋಗಿ ಹಾಜರಿ ಹಾಕಬೇಕು. ನೆಂಟರ ಊರಿಗೆ ಹೋಗಲೂ ಪಾಸು ಬೇಕು. 1897ರ ತಿದ್ದುಪಡಿಯಂತೂ 4 ವರ್ಷದ ಮಕ್ಕಳನ್ನೂ ಅಪ್ಪ ಅಮ್ಮನಿಂದ ಬೇರೆ ಮಾಡಿ ಇಡಲು ದಾರಿ ಮಾಡಿಕೊಟ್ಟಿತು. ನಾಲ್ಕು ವರ್ಷ! ಆ ವಯಸ್ಸಿನ ನಿಮ್ಮ ಮೊಮ್ಮಗುವನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ.

ಹೀಗೆ ಪಟ್ಟಿಗೆ ಸೇರಿದವರು ಯಾರು? ಬಹಳಷ್ಟು ಜನ ಊರೂರು ಅಲೆದು ದುಡಿದು ತಿನ್ನುತ್ತಿದ್ದವರು. ಕೊರಚರು ಎತ್ತು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಹೋಗುತ್ತಿದ್ದರು. ಬಂಜಾರರೂ ಹಾಗೆಯೇ. ನಮ್ಮ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರವರಿಗೆ ಬಂಜಾರರ ಗುರು ಸೇವಾಲಾಲರ ಜಯಂತಿಗೆ ಸೇರುವ ಲಕ್ಷಾಂತರ ಜನರ ಹಿರಿಯರು ಹೇರೆತ್ತುಗಳ ಜೊತೆ ಊರೂರು ತಿರುಗಿದವರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಅವರ ವ್ಯಾಪಾರ ಬಿದ್ದುಹೋಯಿತು. ಹೊಟ್ಟೆಗೆ ಹೊಡೆದದ್ದು ಸರ್ಕಾರ. ಆಮೇಲೆ ಅವರನ್ನೇ ಕಳ್ಳರೆಂದದ್ದೂ ಸರ್ಕಾರ. ಒಂದು ಕಡೆ ನಿಲ್ಲದವರ ಲೆಕ್ಕ ಅದಕ್ಕೆ ಸಿಗುತ್ತಿರಲಿಲ್ಲ, ಕಂದಾಯವೂ ಬರುತ್ತಿರಲಿಲ್ಲ. ನನ್ನ ಪ್ರಕಾರ ಕಳ್ಳತನಕ್ಕಿಂತ ಇದೇ ಜಾಸ್ತಿ ದೊಡ್ಡ ಕಾರಣ.

ಹುಬ್ಬಳ್ಳಿಗೆ ಹೋದವರಿಗೆ ಗೊತ್ತಿರಬಹುದು, ಅಲ್ಲಿ ಸೆಟ್ಲಮೆಂಟ್ ಅಂತ ಒಂದು ಭಾಗವಿದೆ. ಅದು ಇಂಥವರನ್ನು ತಂತಿ ಬೇಲಿಯೊಳಗೆ ಕೂಡಿಟ್ಟಿದ್ದ ಜಾಗ. ಅಲ್ಲಿದ್ದವರನ್ನು ಗಿರಣಿ ಕೆಲಸಕ್ಕೆ ಹಚ್ಚುತ್ತಿದ್ದರು.

ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ಕ್ಕೆ. ಇವರಿಗೆ ಬಿಡುಗಡೆ ಸಿಕ್ಕಿದ್ದು 1952ರ ಆಗಸ್ಟ್ 31ಕ್ಕೆ. ಅವತ್ತು ಆ ಕಾಯ್ದೆ ರದ್ದಾಯಿತು. ಆ ದಿನವನ್ನು ಈಗಲೂ ವಿಮುಕ್ತ ದಿನ ಅಂತ ಆಚರಿಸುತ್ತಾರೆ. ಆದರೆ ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ನಮ್ಮ ರಾಜ್ಯದ್ದು 1961ರದು. ಇದು ಜಾತಿಯನ್ನು ನೋಡುವುದಿಲ್ಲ, ಮತ್ತೆ ಮತ್ತೆ ಶಿಕ್ಷೆಯಾದ ಒಬ್ಬೊಬ್ಬರನ್ನೇ ನೋಡುತ್ತದೆ. ಬರಹದಲ್ಲಿ ಇದು ಸರಿಯೇ. ಆದರೆ ಹಳೆಯ ಹೆಸರುಗಳು ಎಷ್ಟೋ ಕಡೆ ಹಾಗೇ ಉಳಿದವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳ ನಿಯಮಾವಳಿಯನ್ನು ತೆಗೆದು ನೋಡಿತು. ಜಾತಿ ನೋಡಿ ಕೆಲಸ ಹಂಚುವುದು, ವಿಮುಕ್ತ ಬುಡಕಟ್ಟಿನವರನ್ನು ಅಪರಾಧದ ಚಾಳಿಯವರೆಂದು ಬರೆಯುವುದು ಎಲ್ಲ ಸಂವಿಧಾನಕ್ಕೆ ವಿರುದ್ಧ ಎಂದಿತು. ಕೈದಿಗಳ ರಿಜಿಸ್ಟರಿನ ಜಾತಿ ಕಾಲಮ್ಮನ್ನೇ ಅಳಿಸಿ ಎಂದಿತು. ಕಾಯ್ದೆ ರದ್ದಾಗಿ 72 ವರ್ಷವಾದ ಮೇಲೆ!

ಆ ಟ್ರಂಕಿನ ಬೀಗ ಒಡೆಯುವಾಗ ನಾನು ಪಕ್ಕದಲ್ಲೇ ಇದ್ದೆ. ಹಿಂದಿನ ದಿನವೆಲ್ಲ ಅವನು ನನ್ನ ಜೊತೆಗೇ ಇದ್ದ, ಅದು ನನಗೆ ಗೊತ್ತಿತ್ತು. ಆದರೂ ಸುಮ್ನೆ ನಿಂತಿದ್ದೆ. ಆ ವರ್ಷವೇ ಅವನು ಶಾಲೆ ಬಿಟ್ಟ. ಗೆಳೆಯಾ, ನೀನು ಎಲ್ಲಾದರೂ ಕೂತು ಈ ರೇಡಿಯೋ ಕೇಳುತ್ತಿದ್ದರೆ, ಅವತ್ತು ನಾನು ಬಾಯಿ ಬಿಡಬೇಕಿತ್ತು ಕಣೋ.

ನಮಸ್ಕಾರ.