ಹೊಳೆಯಾಚೆ ಇನ್ನೊಂದು ರಾಜಧಾನಿ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಮಕ್ಕಳ ಅಟ್ಲಾಸ್ ಇದ್ದರೆ ತೆಗೆದುಕೊಳ್ಳಿ. ಆಫ್ರಿಕಾದ ಪುಟದಲ್ಲಿ ಕಾಂಗೋ ನದಿ ಹುಡುಕಿ. ಒಂದು ಕಡೆ ಎರಡು ಚುಕ್ಕೆಗಳು ಅಂಟಿಕೊಂಡಂತೆ ಕಾಣುತ್ತವೆ. ಎಡದಂಡೆಯಲ್ಲಿ ಕಿನ್ಶಾಸ, ಬಲದಂಡೆಯಲ್ಲಿ ಬ್ರಜಾವಿಲ್. ಎರಡೂ ರಾಜಧಾನಿಗಳು, ದೇಶ ಮಾತ್ರ ಬೇರೆ ಬೇರೆ. ಸಾಲದ್ದಕ್ಕೆ ಎರಡೂ ದೇಶಗಳ ಹೆಸರಲ್ಲಿ ಕಾಂಗೋ!

ನಡುವೆ ಇರುವುದು ಸುಮಾರು 4 ಕಿ.ಮೀ. ನೀರು. ಸೇತುವೆಯ ಮಾತು ವರ್ಷಗಳಿಂದ ನಡೆದೇ ಇದೆ. ಜನ ದಾಟುವುದು ದೋಣಿಯಲ್ಲೇ. ವಿಮಾನ ನಿಲ್ದಾಣಗಳ ನಡುವಿನ ನೇರ ದೂರವೂ 25 ಕಿ.ಮೀ. ಆಸುಪಾಸು. ಬೆಲ್ಟ್ ಬಿಗಿದುಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತು, ಅಲ್ವಾ? ಮೋಟಾರು ದೋಣಿಗೂ ಕೆಲವೇ ನಿಮಿಷದ ದಾರಿ. ಆದರೆ ಪಾಸ್‌ಪೋರ್ಟ್, ಮುದ್ರೆ, ಸುಂಕದ ತಪಾಸಣೆ ಎಲ್ಲ ಮುಗಿಯಬೇಕಲ್ಲ. ನೀರಿಗಿಂತ ದಡದಲ್ಲೇ ಜಾಸ್ತಿ ಹೊತ್ತು.

ಈ ಕಟ್ಟೆಗಳಲ್ಲಿ ಒಂದು ವಿಶೇಷ ನೋಟವಿದೆ. ಪೋಲಿಯೊದಿಂದ ಕಾಲು ಸೋತವರು ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಗಳಲ್ಲಿ ಮೂಟೆ ಪೇರಿಸಿಕೊಂಡು ದೋಣಿಗೆ ಬರುತ್ತಾರೆ. ಅಂಗವಿಕಲರಿಗೆ ದೋಣಿಯಲ್ಲಿ ರಿಯಾಯಿತಿ ಇತ್ತು. ಅದನ್ನೇ ಹಿಡಿದು ಅವರು ಎರಡು ದೇಶಗಳ ನಡುವೆ ವ್ಯಾಪಾರ ಕಟ್ಟಿಕೊಂಡರು. ನನಗಂತೂ ಇಡೀ ಕತೆಯಲ್ಲಿ ಇದೇ ಮೆಚ್ಚು.

ಈಗ ಬೆರಳನ್ನು ಕಿನ್ಶಾಸದಿಂದ ಕೆಳಗೆ, ಬಲಕ್ಕೆ ಎಳೆಯಿರಿ. ತಾಮ್ರದ ಗಣಿಗಳ ಊರು ಲುಬುಂಬಾಶಿ. ಅದೇ ದೇಶ, ಪಾಸ್‌ಪೋರ್ಟಿನ ಗೋಜಿಲ್ಲ. ಆದರೆ ನೇರ ದೂರವೇ ಸುಮಾರು 1,570 ಕಿ.ಮೀ. ಹೆಚ್ಚುಕಮ್ಮಿ ಬೆಂಗಳೂರಿನಿಂದ ದೆಹಲಿಗೆ ಹಾರಿದಷ್ಟು. ಉದ್ದಕ್ಕೂ ಡಾಂಬರು ರಸ್ತೆ ಇಲ್ಲ. ಮಳೆಗಾಲದಲ್ಲಿ ಲಾರಿ ಹೂತರೆ ದಿನಗಳ ಲೆಕ್ಕ. ಅವಸರದವರಿಗೆ ವಿಮಾನವೇ ಗತಿ.

ವಿಮಾನದ ಸಮಯವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಜೆಟ್ ವಿಮಾನ ಗಂಟೆಗೆ ಸುಮಾರು 800 ಕಿ.ಮೀ. ಹಾರುತ್ತದೆ ಅನ್ನಿ. 1,570ಕ್ಕೆ ಎರಡು ಗಂಟೆ. ಏರುವಾಗ, ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ. ಅದಕ್ಕೆ ಅರ್ಧ ಗಂಟೆ ಸೇರಿಸಿ. ಎರಡೂವರೆ ಗಂಟೆ ಆಯ್ತು.

ಅಂದಹಾಗೆ, ಲುಬುಂಬಾಶಿಯ ಹಳೆಯ ಹೆಸರು ಎಲಿಜಬೆತ್‌ವಿಲ್. 1961ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಪಡೆಯಲ್ಲಿದ್ದ ನಮ್ಮ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಮಡಿದದ್ದು ಅಲ್ಲೇ. ವಿಮಾನ ನಿಲ್ದಾಣದ ದಾರಿಗೆ ಹಾಕಿದ್ದ ತಡೆಯನ್ನು ತೆರವು ಮಾಡುವ ಕಾಳಗವದು. ಅವರಿಗೆ ಪರಮವೀರ ಚಕ್ರ ಬಂತು.

ಇನ್ನು ಗಡಿಯಾರದ ವಿಷಯ. ಹೊಳೆ ದಾಟಿ ಬ್ರಜಾವಿಲ್‌ಗೆ ಹೋದರೆ ದೇಶ ಬದಲಾದರೂ ಮುಳ್ಳು ಅಲುಗುವುದಿಲ್ಲ. ಲುಬುಂಬಾಶಿಗೆ ಹೋದರೆ ಅದೇ ದೇಶದಲ್ಲಿ ಒಂದು ಗಂಟೆ ಮುಂದೆ. ಕಿನ್ಶಾಸದಲ್ಲಿ ಬೆಳಿಗ್ಗೆ 10ಕ್ಕೆ ಹೊರಟವರು ಅಲ್ಲಿಳಿದಾಗ ಮಧ್ಯಾಹ್ನ ಒಂದೂವರೆ. ವಾಪಸ್ ಬರುವಾಗ ಆ ಒಂದು ಗಂಟೆ ಕೈಗೆ ಸಿಗುತ್ತದೆ.

ನಮಸ್ಕಾರ.