ಟಾಮಿ ಡಗ್ಲಸ್: ಗೋಧಿ ನಾಡಿನ ಪ್ರೀಮಿಯರ್ ಮತ್ತು ಕೆನಡಾದ ಆರೋಗ್ಯ ವಿಮೆ

ನಮಸ್ಕಾರ. ಕೆನಡಾದ ನಿವಾಸಿಗಳು ವೈದ್ಯರಿಗೆ ತೋರಿಸಿಕೊಂಡು ಬರುವಾಗ ಸಾಮಾನ್ಯವಾಗಿ ಫೀಸು ಕೊಡುವುದಿಲ್ಲ. ಈ ವ್ಯವಸ್ಥೆ ಮೊದಲು ರೂಪುಗೊಂಡದ್ದು ರಾಜಧಾನಿ ಒಟ್ಟಾವಾದಲ್ಲಲ್ಲ, ಗೋಧಿ ಬೆಳೆಯುವ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ. ಅಲ್ಲಿ 1944ರಿಂದ 1961ರವರೆಗೆ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಗೆ ಸಮನಾದ ಹುದ್ದೆಯಲ್ಲಿದ್ದವರು ಟಾಮಿ ಡಗ್ಲಸ್.

[ತೆರೆಯ ಮೇಲೆ: ಕೆನಡಾದ ನಕ್ಷೆ, ಸಸ್ಕಾಚೆವಾನ್ ಗುರುತು]

1904ರಲ್ಲಿ ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ಹುಟ್ಟಿದ ಡಗ್ಲಸ್ ಅವರಿಗೆ ಬಾಲ್ಯದಲ್ಲಿ ಮೊಣಕಾಲಿಗಾದ ಗಾಯವು ಎಲುಬಿನ ಸೋಂಕಿಗೆ ತಿರುಗಿ, ಕುಟುಂಬ ಕೆನಡಾದ ವಿನಿಪೆಗ್ ನಗರಕ್ಕೆ ವಲಸೆ ಬಂದ ಮೇಲೂ ಕಾಡಿತು. ಕಾಲನ್ನೇ ಕತ್ತರಿಸಬೇಕಾದೀತು ಎನ್ನುವ ಹೊತ್ತಿಗೆ ಒಬ್ಬ ಶಸ್ತ್ರಚಿಕಿತ್ಸಕರು, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪುವುದಾದರೆ ಹಣವೇ ಬೇಡವೆಂದು ಹೇಳಿ ಕಾಲನ್ನು ಉಳಿಸಿಕೊಟ್ಟರು. ಬಡವರ ಮಗುವಿನ ಕಾಲು ಇಂಥ ಅದೃಷ್ಟವನ್ನು ನೆಚ್ಚಿಕೊಳ್ಳಬಾರದು ಎಂಬುದು ಮುಂದೆ ಅವರ ರಾಜಕಾರಣದ ನೆಲೆಯಾಯಿತು.

ಮುದ್ರಣಾಲಯದಲ್ಲಿ ಕೆಲಸ ಕಲಿತು, ಬಾಕ್ಸಿಂಗ್ ಆಡಿ, ಕೊನೆಗೆ ಬ್ಯಾಪ್ಟಿಸ್ಟ್ ಪಾದ್ರಿಯಾಗಿ ಸಸ್ಕಾಚೆವಾನ್‌ನ ವೇಬರ್ನ್ ಪಟ್ಟಣಕ್ಕೆ ಬಂದ ಅವರು ಬರಗಾಲ ಮತ್ತು ಆರ್ಥಿಕ ಮಹಾಕುಸಿತವನ್ನು ಹತ್ತಿರದಿಂದ ಕಂಡರು. 1935ರಲ್ಲಿ ಸಿಸಿಎಫ್ ಎಂಬ ಸಮಾಜವಾದಿ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾದರು. ಅವರನ್ನು ಮೆಚ್ಚುವವರು ಒಂದು ಸಂಗತಿಯನ್ನು ಮರೆಮಾಚಬಾರದು: 1933ರ ತಮ್ಮ ಪ್ರಬಂಧದಲ್ಲಿ ಅವರು, ‘ಅನರ್ಹ’ರೆಂದು ಬಗೆದವರ ಸಂತಾನಶಕ್ತಿಹರಣವನ್ನು ಸಮರ್ಥಿಸಿದ್ದರು. ಅಧಿಕಾರಕ್ಕೆ ಬಂದ ಮೇಲೆ ಆ ನೀತಿಯನ್ನು ಜಾರಿಗೆ ತರಲಿಲ್ಲ.

[ತೆರೆಯ ಮೇಲೆ: 1944, 52 ಸ್ಥಾನಗಳಲ್ಲಿ 47]

1944ರ ಪ್ರಾಂತ್ಯ ಚುನಾವಣೆಯಲ್ಲಿ ಸಿಸಿಎಫ್ ಪಡೆದ ಗೆಲುವಿನೊಂದಿಗೆ ಉತ್ತರ ಅಮೆರಿಕದ ಮೊದಲ ಸಮಾಜವಾದಿ ಸರ್ಕಾರವೆಂದು ಹೆಸರಾದ ಆಡಳಿತ ಆರಂಭವಾಯಿತು. ಆದರೆ ಡಗ್ಲಸ್ ಅವಸರದ ಮನುಷ್ಯರಲ್ಲ. ಸಮಾಜವಾದಿಯೆನಿಸಿಕೊಂಡವರು ಲೆಕ್ಕಪತ್ರದಲ್ಲಿ ಇಷ್ಟು ಬಿಗಿಯಾಗಿದ್ದದ್ದು ಅವರ ವಿರೋಧಿಗಳಿಗೂ ಅನಿರೀಕ್ಷಿತವಾಗಿತ್ತು. ಸಾಲ ತೀರಿಸುತ್ತಲೇ ಹಳ್ಳಿಗಳಿಗೆ ವಿದ್ಯುತ್ ಒಯ್ದರು, 1947ರ ಜನವರಿ 1ರಿಂದ ಆಸ್ಪತ್ರೆ ವೆಚ್ಚಕ್ಕೆ ಮಾತ್ರ ಸಾರ್ವತ್ರಿಕ ವಿಮೆ ತಂದರು. ವೈದ್ಯರ ಶುಲ್ಕವನ್ನೂ ಸರ್ಕಾರವೇ ಭರಿಸುವ ಯೋಜನೆಯನ್ನು ಪ್ರಕಟಿಸಿದ್ದು 1959ರಲ್ಲಿ, ಒಕ್ಕೂಟ ಸರ್ಕಾರವು ಆಸ್ಪತ್ರೆ ವಿಮೆಯ ವೆಚ್ಚದಲ್ಲಿ ಪಾಲು ಕೊಡಲು ಒಪ್ಪಿ, ಪ್ರಾಂತ್ಯದ ಖಜಾನೆಯಲ್ಲಿ ಒಂದಿಷ್ಟು ಹಣ ಉಳಿಯತೊಡಗಿದ ಮೇಲೆ.

1961ರ ನವೆಂಬರಿನಲ್ಲಿ ಕಾನೂನು ಅಂಗೀಕಾರವಾಯಿತು. ಸಿಸಿಎಫ್‌ನ ಮುಂದುವರಿಕೆಯಾಗಿ ಹೊಸದಾಗಿ ರೂಪುಗೊಂಡಿದ್ದ ಎನ್‌ಡಿಪಿ ಪಕ್ಷದ ರಾಷ್ಟ್ರೀಯ ನಾಯಕರಾಗಿ ಆಗಲೇ ಆಯ್ಕೆಯಾಗಿದ್ದ ಡಗ್ಲಸ್, ಅದೇ ತಿಂಗಳು ಪ್ರಾಂತ್ಯದ ಅಧಿಕಾರವನ್ನು ವುಡ್ರೋ ಲಾಯ್ಡ್ ಅವರಿಗೆ ಬಿಟ್ಟುಕೊಟ್ಟರು. 1962ರ ಜೂನಿನಲ್ಲಿ, ಈ ಕಾನೂನಿಗೆ ವೈದ್ಯರ ವಿರೋಧ ತಾರಕಕ್ಕೇರಿದ್ದಾಗ, ಒಕ್ಕೂಟ ಸಂಸತ್ತಿನ ಚುನಾವಣೆಯಲ್ಲಿ ರೆಜೈನಾ ಕ್ಷೇತ್ರದ ಮತದಾರರು ಡಗ್ಲಸ್ ಅವರನ್ನು ಸೋಲಿಸಿದರು. ಜುಲೈ 1ರಂದು ಕಾನೂನು ಜಾರಿಯಾದ ದಿನವೇ ವೈದ್ಯರು ಮುಷ್ಕರ ಹೂಡಿದರು. ಲಾಯ್ಡ್ ಸರ್ಕಾರ ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿತು. 23 ದಿನಗಳ ನಂತರ, ಅಲ್ಲಿಂದಲೇ ಬಂದ ಲಾರ್ಡ್ ಟೇಲರ್ ಅವರ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ವೈದ್ಯರು ಸರ್ಕಾರಿ ನೌಕರರಾಗದೆ, ಮಾಡಿದ ಚಿಕಿತ್ಸೆಗೆ ತಕ್ಕಂತೆ ಶುಲ್ಕ ಪಡೆಯುವ ಪದ್ಧತಿ ಉಳಿಯಿತು. ನನ್ನ ಅಭಿಪ್ರಾಯದಲ್ಲಿ, ಡಗ್ಲಸ್ ಅವರಿಗೆ ಸಲ್ಲುವ ಕೀರ್ತಿಯಲ್ಲಿ ಆ 23 ದಿನ ಕದಲದೆ ನಿಂತ ಲಾಯ್ಡ್ ಅವರ ಪಾಲು ದೊಡ್ಡದು.

1964ರಲ್ಲಿ ಲಾಯ್ಡ್ ಕೂಡ ಸೋತರು. ಆದರೆ ಗೆದ್ದ ಲಿಬರಲ್ ಪಕ್ಷ ಯೋಜನೆಯನ್ನು ರದ್ದುಮಾಡಲಿಲ್ಲ. 1966ರಲ್ಲಿ ಒಕ್ಕೂಟ ಸಂಸತ್ತು ಅಂಗೀಕರಿಸಿದ ವೈದ್ಯಕೀಯ ಸೇವಾ ಕಾಯ್ದೆಯಿಂದಾಗಿ ಕೆಲವೇ ವರ್ಷಗಳಲ್ಲಿ ಇದೇ ಮಾದರಿ ಎಲ್ಲ ಪ್ರಾಂತ್ಯಗಳಿಗೂ ಹರಡಿತು. ಉಪಚುನಾವಣೆಯಲ್ಲಿ ಗೆದ್ದು ಸಂಸತ್ತಿಗೆ ಮರಳಿದ್ದ ಡಗ್ಲಸ್, ಆ ಕಾಯ್ದೆಯ ಮೇಲಿನ ಚರ್ಚೆಯ ಕಾಲಕ್ಕೆ ವಿರೋಧಪಕ್ಷದ ಸಾಲಿನಲ್ಲಿದ್ದರು.