ಎಡ ಅಂಚು ಬಿಟ್ಟು ಸ್ವಲ್ಪ ಒಳಗೆ ಬನ್ನಿ: ಬೆಂಗಳೂರಲ್ಲಿ ದಿನಾ ಸೈಕಲ್ ತುಳಿಯೋರಿಗೆ

ನಮಸ್ಕಾರ. ನೀವು ನೋಡ್ತಿರೋದು ಬೆಳಗ್ಗೆ ಏಳೂಮುಕ್ಕಾಲರ ಆರ್.ವಿ. ರಸ್ತೆ. ಕ್ಯಾಮೆರಾ ಹ್ಯಾಂಡಲ್ ಮೇಲಿದೆ. ಬಲಕ್ಕೆ ಮೆಟ್ರೊ ಕಂಬಗಳು, ಎಡಕ್ಕೆ ಸಾಲಾಗಿ ನಿಂತಿರೋ ಕಾರುಗಳು. ಸೌತ್ ಎಂಡ್ ಸರ್ಕಲ್ ದಾಟಿ ಲಾಲ್‌ಬಾಗ್ ವೆಸ್ಟ್ ಗೇಟ್ ಕಡೆ ಹೊರಟಿದ್ದೀವಿ. ಮುಂದಿನ ಚಕ್ರ ಎಲ್ಲಿದೆ ಅಂತ ಗಮನಿಸಿ. ಕಾರಿಗೂ ಚಕ್ರಕ್ಕೂ ಮಧ್ಯೆ ಇನ್ನೊಂದು ಸೈಕಲ್ ಆರಾಮಾಗಿ ಹೋಗೋಷ್ಟು ಜಾಗ ಖಾಲಿ ಬಿಟ್ಟಿದೆ. ಇದನ್ನ ನೋಡಿದವರು ಸಾಮಾನ್ಯವಾಗಿ ಕೇಳೋದು ಒಂದೇ: ಸೈಕಲ್‌ನವರು ಅಂಚಲ್ಲೇ ಹೋಗಬಾರದಾ?

ಹೋಗಬಾರದು. ಲೆಕ್ಕ ಹಾಕಿ ನೋಡಿ. ಕಾರಿನ ಬಾಗಿಲು ಪೂರ್ತಿ ತೆರೆದರೆ ಹೆಚ್ಚುಕಮ್ಮಿ ಒಂದು ಮೀಟರ್ ಹೊರಗೆ ಬರುತ್ತೆ. ನಿಮ್ಮ ಹ್ಯಾಂಡಲ್ ಅಗಲ ಅರವತ್ತರಿಂದ ಎಪ್ಪತ್ತು ಸೆಂಟಿಮೀಟರ್, ಅಂದ್ರೆ ಚಕ್ರದಿಂದ ಹ್ಯಾಂಡಲ್ ತುದಿಗೆ ಮೂವತ್ತು, ಮೂವತ್ತೈದು. ಎರಡನ್ನೂ ಕೂಡಿಸಿ, ಒಂದಿಷ್ಟು ಕೈಯಲ್ಲಿರಲಿ ಅಂತ ಸೇರಿಸಿದರೆ ಚಕ್ರ ಕಾರಿನಿಂದ ಒಂದೂವರೆ ಮೀಟರ್ ದೂರ ಇರಬೇಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಹೋಗ್ತೀರಿ. ಬಾಗಿಲು ತೆರೆದುಕೊಂಡದ್ದು ಕಂಡು, ಬೆರಳು ಬ್ರೇಕ್ ಮೇಲೆ ಬೀಳೋ ಹೊತ್ತಿಗೆ ಆ ಐದೂವರೆ ಮೀಟರ್ ಮುಗಿದಿರುತ್ತೆ. ಬೆಲ್ಲು, ಬ್ರೇಕು ಎರಡೂ ಅಲ್ಲಿ ಕೆಲಸಕ್ಕೆ ಬರಲ್ಲ, ಜಾಗ ಒಂದೇ ಉಳಿಸೋದು.

ಕಾರಲ್ಲಿ ಕೂತಿರೋರಿಗೂ ಒಂದು ಮಾತು. ಬಲಗಡೆ ಬಾಗಿಲನ್ನ ಎಡಗೈಯಿಂದ ತೆಗೀರಿ. ಕೈ ಅಡ್ಡ ಚಾಚಿದಾಗ ಮೈ ತಾನಾಗೇ ತಿರುಗುತ್ತೆ, ಕಣ್ಣು ಹಿಂದಕ್ಕೆ ಹೋಗುತ್ತೆ. ಅಭ್ಯಾಸ ಆಗೋಕೆ ಒಂದು ವಾರ ಸಾಕು.

ಅಂಚಿನದು ಬರೀ ಬಾಗಿಲಿನ ತೊಂದರೆ ಅಲ್ಲ. ರಸ್ತೆಯಲ್ಲಿ ಕಸ, ಮರಳು, ಒಡೆದ ಗಾಜು, ಲಾರಿ ಟೈರಿಂದ ಉದುರಿದ ಕೂದಲಿನಂಥ ತಂತಿ, ಎಲ್ಲಾ ಬಂದು ಸೇರೋದು ಎಡಕ್ಕೇ. ಮಳೆ ನೀರು ಹೋಗೋ ಕಬ್ಬಿಣದ ಜಾಲರಿಗಳೂ ಅಲ್ಲೇ. ಅವುಗಳ ಸರಳು ಕೆಲವು ಕಡೆ ನಾವು ಹೋಗೋ ದಿಕ್ಕಿಗೇ ಇರ್ತವೆ; ತೆಳು ಟೈರು ಸಂದಿಯೊಳಗೆ ಇಳಿದರೆ ಸೈಕಲ್ ಅಲ್ಲೇ ನಿಲ್ಲುತ್ತೆ, ಸವಾರ ನಿಲ್ಲಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನೀವು ಅಂಚಿಗೆ ಅಂಟಿಕೊಂಡಷ್ಟೂ ಹಿಂದಿನವರಿಗೆ "ತೂರಿಕೊಂಡು ಹೋಗಬಹುದು" ಅನ್ನಿಸುತ್ತೆ. ಅಂಚಿನಿಂದ ಒಂದು ಮೀಟರ್ ಬಲಕ್ಕೆ ಇದ್ದರೆ ಅವರು ಸ್ಟೀರಿಂಗ್ ತಿರುಗಿಸಲೇಬೇಕು, ತಿರುಗಿಸೋಕೆ ನಿಮ್ಮನ್ನ ನೋಡಲೇಬೇಕು. ಹಾರ್ನ್ ಹೊಡೀತಾರೆ, ಹೊಡೀಲಿ. ಹಾರ್ನ್ ಹೊಡೆದವರು ನಿಮ್ಮನ್ನ ನೋಡಿದ್ದಾರೆ ಅಂತಾಯ್ತಲ್ಲ.

ಈಗ ಮುಂದೆ ರಸ್ತೆ ಕಿರಿದಾಗ್ತಿದೆ, ನೋಡಿ. ಐವತ್ತು ಮೀಟರ್ ಮುಂಚೆಯೇ ಬಲ ಭುಜದ ಮೇಲಿಂದ ಹಿಂದೆ ನೋಡಿ, ಬಲಗೈ ಚಾಚಿ, ನಿಧಾನಕ್ಕೆ ಲೇನ್ ಮಧ್ಯಕ್ಕೆ ಬರೋದು. ಕಿರಿದು ಮುಗಿದ ಮೇಲೆ ಮತ್ತೆ ಎಡಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡೋದು, ಸಾಧ್ಯ ಆದ್ರೆ ಕೈ ಎತ್ತಿ ಥ್ಯಾಂಕ್ಸ್ ಅನ್ನೋದು. ಅಪಾಯ ಇರೋದು ನಿಂತ ಆಟೊ ಒಂದೊಂದರ ಮುಂದೂ ಒಳಗೆ, ಹೊರಗೆ ಅಂತ ಹಾವಿನ ಹಾಗೆ ಹೋಗೋದರಲ್ಲಿ. ಎರಡು ಕಾರಿನ ಮಧ್ಯೆ ಇಪ್ಪತ್ತು ಮೀಟರ್ ಖಾಲಿ ಇದೆ ಅಂತ ಒಳಗೆ ಹೋಗಬೇಡಿ. ನೇರ ಗೆರೆಯಲ್ಲಿ ಹೋಗಿ.

ಮುಂದೆ ಬಿಎಂಟಿಸಿ ಬಸ್ಸು ಸ್ಟಾಪಿಗೆ ಬರ್ತಿದೆ. ಬಸ್ಸಿನ ಎಡಕ್ಕೆ ಯಾವತ್ತೂ ನುಗ್ಗಬಾರದು. ಒಂದು ಕಡೆ ಬಸ್ಸು, ಇನ್ನೊಂದು ಕಡೆ ಕಟ್ಟೆ, ಮಧ್ಯೆ ಇಳಿಯೋ ಜನ. ಸುಮ್ಮನೆ ಹಿಂದೆ ನಿಲ್ಲಿ, ಅರ್ಧ ನಿಮಿಷದ ಮಾತು. ಟಿಪ್ಪರ್, ಲಾರಿ ವಿಷಯದಲ್ಲಿ ಇನ್ನೂ ಬಿಗಿ ಇರಬೇಕು. ಉದ್ದನೆ ಗಾಡಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಲ್ಲಿ ಬರಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತೆ. ಸಿಗ್ನಲ್‌ನಲ್ಲಿ ಅದರ ಎಡ ಮಗ್ಗುಲಲ್ಲಿ ನಿಂತಿದ್ದರೆ ನೀವು ಇರೋದು ಸರಿಯಾಗಿ ಆ ಜಾಗದಲ್ಲಿ. ಅದರ ಕನ್ನಡಿಯಲ್ಲಿ ನಿಮಗೆ ಡ್ರೈವರ್ ಮುಖ ಕಾಣದಿದ್ದರೆ ಅವರಿಗೂ ನೀವು ಕಾಣಲ್ಲ.

ಇನ್ನು ರಾಂಗ್ ಸೈಡು. "ಐವತ್ತು ಮೀಟರ್ ತಾನೇ, ಇಲ್ಲೇ ಗೇಟು." ಅಡ್ಡರಸ್ತೆಯಿಂದ ಎಡಕ್ಕೆ ತಿರುಗೋ ಕಾರಿನವರು ನೋಡೋದು ಬಲಕ್ಕೆ, ವಾಹನ ಬರೋ ಕಡೆಗೆ. ನೀವು ಬರ್ತಿರೋದು ಎಡದಿಂದ. ಇಳಿದು ತಳ್ಳಿಕೊಂಡು ಹೋಗಿ. ತಳ್ಳೋವಾಗ ನೀವು ಪಾದಚಾರಿ, ಫುಟ್‌ಪಾತ್ ನಿಮ್ಮದೇ. ತುಳಿದುಕೊಂಡು ಮಾತ್ರ ಫುಟ್‌ಪಾತ್ ಹತ್ತಬೇಡಿ. ಬೈಕಿನವರು ಹತ್ತಿದಾಗ ನಮಗೆ ಬರೋ ಸಿಟ್ಟು ನಮ್ಮ ಮೇಲೆ ಅಜ್ಜಿ ಒಬ್ಬರಿಗೆ ಬರಬಾರದು.

ಹಾಗಾದ್ರೆ ಸೈಕಲ್ ಲೇನ್ ಎಲ್ಲಿ ಅಂತೀರಾ? 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬೊಲ್ಲಾರ್ಡ್ ಅನ್ನೋ ಗಿಡ್ಡ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದ್ರು. ಬೈಕುಗಳು ನುಗ್ಗಿದವು, ಮೆಟ್ರೊ ಕೆಲಸವೂ ಬಂತು. ಜಯನಗರದಲ್ಲಿ ಸೈಕಲ್‌ಗೆ ಅಂತ ಬಿಟ್ಟ ಪಟ್ಟಿಯ ಮೇಲೆ ಕಾರು ನಿಂತವು. ಬಣ್ಣ ಬಳಿದ ಪಟ್ಟಿಯನ್ನ ನಂಬಿಕೊಂಡು ನಿಮ್ಮ ದಾರಿ ಗೊತ್ತುಮಾಡಬೇಡಿ. ಮೇನ್ ರೋಡಿಗೆ ಸಮಾನಾಂತರವಾಗಿ ಹೋಗೋ ಒಳರಸ್ತೆಯನ್ನ ಒಂದು ಭಾನುವಾರ ಹುಡುಕಿಟ್ಟುಕೊಳ್ಳಿ. ಎರಡು ಕಿ.ಮೀ. ಜಾಸ್ತಿ ಆದರೂ ಹಾಗೆ ಹೋಗೋದೇ ಮೇಲು. ಊರಾಚೆ ಹೋಗೋರಿಗೆ ಒಂದು ಎಚ್ಚರಿಕೆ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯೇ ಗತಿ.

ಸಿಗ್ನಲ್ ಬಿತ್ತು. ನಿಂತಿರುವಾಗ ಬ್ರೇಕ್ ವಿಷಯ ಮುಗಿಸೋಣ. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲ ಲಿವರ್ ಮುಂದಿನ ಬ್ರೇಕ್. "ಮುಂದಿನದು ಹಿಡಿಬೇಡ, ಪಲ್ಟಿ ಹೊಡೀತೀಯ" ಅಂತ ಚಿಕ್ಕಂದಿನಲ್ಲಿ ಹೇಳಿಸಿಕೊಂಡು ಎಷ್ಟೋ ಜನ ಅದನ್ನ ಮುಟ್ಟೋದೇ ಇಲ್ಲ. ಆದರೆ ಸೈಕಲ್ಲನ್ನ ನಿಲ್ಲಿಸೋ ಶಕ್ತಿ ಹೆಚ್ಚಾಗಿ ಇರೋದು ಮುಂದಿನದರಲ್ಲೇ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತೆ, ಹಿಂದಿನದು ಹಗುರ ಆಗಿ ಬರೀ ಜಾರುತ್ತೆ. ಎರಡನ್ನೂ ಹಿಡಿಯಿರಿ, ಮುಂದಿನದನ್ನ ಹಂತಹಂತವಾಗಿ ಬಿಗಿ ಮಾಡಿ, ಕೂತಲ್ಲಿಂದ ಸ್ವಲ್ಪ ಹಿಂದಕ್ಕೆ ಸರಿಯಿರಿ. ತಿರುವಿನಲ್ಲಿ, ಮರಳ ಮೇಲೆ ಮಾತ್ರ ಮುಂದಿನದನ್ನ ಜೋರಾಗಿ ಹಿಡೀಬೇಡಿ. ಖಾಲಿ ಮೈದಾನದಲ್ಲಿ ಹತ್ತು ಸಲ ಅಭ್ಯಾಸ ಮಾಡಿ.

ಲಿವರ್ ಪೂರ್ತಿ ಒತ್ತಿದರೂ ಹ್ಯಾಂಡಲ್‌ಗೆ ತಾಗಬಾರದು, ಮಧ್ಯೆ ಎರಡು ಬೆರಳಿನ ಸಂದಿ ಉಳೀಬೇಕು. ತಾಗ್ತಿದ್ದರೆ ವೈರ್ ಸಡಿಲ ಆಗಿದೆ. ಲಿವರ್ ಹತ್ತಿರ ವೈರ್ ಹೊರಬರೋ ಜಾಗದಲ್ಲಿ ಕೈಯಲ್ಲೇ ತಿರುಗಿಸೋ ಪುಟ್ಟ ಸ್ಕ್ರೂ ಇದೆ. ಅದನ್ನ ಬಿಚ್ಚೋ ದಿಕ್ಕಿಗೆ ಒಂದೆರಡು ಸುತ್ತು ತಿರುಗಿಸಿದರೆ ಬಿಗಿ ಬರುತ್ತೆ. ಬ್ರೇಕ್ ರಬ್ಬರ್ ಮೇಲಿನ ಗೀರು ಸವೆದು ಮಾಯವಾಗಿದ್ದರೆ ರಬ್ಬರ್ ಬದಲಿಸಿ. ಡಿಸ್ಕ್ ಬ್ರೇಕ್ ಇರೋರು ಮಾಡೋ ತಪ್ಪು ಬೇರೆ: ಚೈನಿಗೆ ಅಂತ ಎಣ್ಣೆ ಸ್ಪ್ರೇ ಹೊಡೀತಾರೆ, ಅದು ಹಾರಿ ಡಿಸ್ಕ್ ಮೇಲೆ ಕೂರುತ್ತೆ. ಮಾರನೇ ದಿನ ಬ್ರೇಕ್ ಕಿರುಚುತ್ತೆ, ಹಿಡಿಯಲ್ಲ. ಡಿಸ್ಕನ್ನ ಒತ್ತಿ ಹಿಡಿಯೋ ಪ್ಯಾಡ್ ಎಣ್ಣೆ ಕುಡಿದುಬಿಟ್ಟರೆ ಬದಲಿಸೋದೇ ದಾರಿ. ಚೈನಿಗೆ ಸ್ಪ್ರೇ ಬೇಡ. ಕೊಂಡಿಗೊಂದು ಹನಿ ಹಾಕಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹಳೇ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿದು ಮರಳು ಕಾಗದ ಆಗುತ್ತೆ, ಅಷ್ಟೇ.

ಹಸಿರು ಬಂತು. ಲಾಲ್‌ಬಾಗ್ ಗೋಡೆ ಪಕ್ಕ ನೆರಳು ಶುರು. ಬೇಸಿಗೆ ಶುರುವಾದರೆ ಬೆಂಗಳೂರಿನ ಹೊಂಗೆ ಮರಗಳ ಕೆಳಗೆ ಕಡ್ಲೆಪುರಿ ಚೆಲ್ಲಿದ ಹಾಗೆ ಹೂವು ಬಿದ್ದಿರುತ್ತೆ. ನೋಡೋಕೆ ಚಂದ. ಒಂದು ಮಳೆ ಹನಿಸಿದ ಮೇಲೆ ಅದೇ ಲೋಳೆ. ಅದರ ಮೇಲೆ ವಾಲಬೇಡಿ, ನೆಟ್ಟಗೆ ಉರುಳಿಸಿಕೊಂಡು ಹೋಗಿ. ಜೀಬ್ರಾ ಪಟ್ಟಿಯ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೊ ಕೆಲಸದಲ್ಲಿ ಹಾಸೋ ಕಬ್ಬಿಣದ ತಗಡು, ಇವೂ ಒದ್ದೆಯಾದಾಗ ಹಾಗೇ. ಮಳೆಯ ಮೊದಲ ಹತ್ತು ನಿಮಿಷ ಅತಿ ಜಾರು. ತಿಂಗಳುಗಟ್ಟಲೆ ಟಾರಿಗೆ ಅಂಟಿದ್ದ ಎಣ್ಣೆ ಮೇಲೇಳುತ್ತೆ. ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯೋ ರಿಮ್ ಬ್ರೇಕ್‌ನವರಿಗೆ ಚಕ್ರದ ಮೊದಲ ಒಂದೆರಡು ಸುತ್ತು ನೀರು ಒರೆಸೋಕೇ ಹೋಗುತ್ತೆ, ಹಾಗಾಗಿ ಮುಂಚೆಯೇ ಹಿಡಿಯೋಕೆ ಶುರು ಮಾಡಿ. ನೀರು ನಿಂತ ಗುಂಡಿಯ ಆಳ ಗೊತ್ತಿಲ್ಲದಿದ್ದರೆ ಅದನ್ನ ಬಾವಿ ಅಂತಲೇ ತಿಳ್ಕೊಳ್ಳಿ.

ಹೆಲ್ಮೆಟ್ಟು: ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಕೂರಬೇಕು, ಪಟ್ಟಿ ಕಿವಿ ಕೆಳಗೆ ಸೇರಬೇಕು, ಗದ್ದದ ಕೆಳಗೆ ಒಂದು ಬೆರಳು ಮಾತ್ರ ಹೋಗಬೇಕು. ನೆತ್ತಿಯ ಹಿಂದಕ್ಕೆ ಟೋಪಿ ಥರ ಇಟ್ಟುಕೊಂಡರೆ ಹಣೆ ಬಯಲಾಗಿರುತ್ತೆ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿಂದ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಅಮುಕಿರುತ್ತೆ, ಬದಲಿಸಿ. ಗ್ಲೌಸು, ಕನ್ನಡಕ ನಿಮ್ಮಿಷ್ಟ. ಲೈಟು ಇಷ್ಟದ ವಿಷಯ ಅಲ್ಲ. ಹಿಂದೆ ಕೆಂಪು, ಮುಂದೆ ಬಿಳಿ, ಸಂಜೆ ಐದೂವರೆಗೇ ಹಚ್ಚಿ. ಜರ್ಕಿನ್ ಇಳಿಬಿದ್ದು, ಕ್ಯಾರಿಯರ್ ಬ್ಯಾಗ್ ಅಡ್ಡ ಬಂದು ಹಿಂದಿನ ಲೈಟು ಮುಚ್ಚಿಹೋಗಿರುತ್ತೆ. ಸ್ಟ್ಯಾಂಡ್ ಹಾಕಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಮುಂದಿನ ಲೈಟನ್ನ ರಸ್ತೆಗೆ ಬಗ್ಗಿಸಿ, ಕಣ್ಣು ಕುಕ್ಕೋ ಮಿಣುಕು ಮೋಡ್ ಎದುರು ಬರೋರಿಗೆ ಹಿಂಸೆ.

ಗಾಳಿ ವಾರಕ್ಕೊಮ್ಮೆ. ಎಷ್ಟು ಅಂತ ಟೈರಿನ ಮಗ್ಗುಲಲ್ಲೇ ಅಚ್ಚಾಗಿರುತ್ತೆ. ಪಂಕ್ಚರ್ ಆದ ಟ್ಯೂಬಲ್ಲಿ ಅಕ್ಕಪಕ್ಕ ಎರಡು ತೂತು ಇದ್ದರೆ ಹಾವು ಕಚ್ಚಿದ ಗುರುತಿನ ಹಾಗೆ ಕಾಣುತ್ತೆ. ಅದು ಮುಳ್ಳಲ್ಲ, ಗಾಳಿ ಕಮ್ಮಿ ಇದ್ದು ಗುಂಡಿಯ ಅಂಚಿಗೆ ಬಡಿದು ರಿಮ್ಮು ಟ್ಯೂಬನ್ನ ಕಚ್ಚಿದ್ದು. ಒಂದೇ ತೂತಿದ್ದರೆ ಮುಳ್ಳೋ ತಂತಿಯೋ ಇನ್ನೂ ಟೈರಲ್ಲೇ ಇರುತ್ತೆ. ಒಳಗಡೆ ನಿಧಾನಕ್ಕೆ ಬೆರಳಾಡಿಸಿ ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಯ್ತು. ಪ್ಯಾಚ್ ಹಾಕುವಾಗ ಸಲ್ಯೂಷನ್ ಹಚ್ಚಿ ಐದು ನಿಮಿಷ ಒಣಗೋಕೆ ಬಿಡಿ. ಹಸಿಯಲ್ಲೇ ಅಂಟಿಸಿದ್ದು ನಿಲ್ಲಲ್ಲ.

ಭಾನುವಾರ ಗುಂಪಲ್ಲಿ ಹೋಗೋರಿಗೆ ಒಂದೆರಡು ಮಾತು. ಮುಂದಿದ್ದವರು "ಗುಂಡಿ", "ಹಂಪ್" ಅಂತ ಕೂಗಬೇಕು, ಹೇಳದೆ ಬ್ರೇಕ್ ಹಾಕಬಾರದು. ಹಿಂದಿನಿಂದ ವಾಹನ ಬಂದರೆ ಒಂದೇ ಸಾಲಿಗೆ ಬನ್ನಿ. ನಂದಿಬೆಟ್ಟ ಇಳಿಯುವಾಗ ತಿರುವಿನ ಒಳಗೆ ಬ್ರೇಕ್ ಹಾಕಬೇಡಿ, ತಿರುವಿಗೆ ಮುಂಚೆಯೇ ವೇಗ ಇಳಿಸಿ. ಮೇಲಿಂದ ಕೆಳಗಿನ ತನಕ ಹಿಡಿದೇ ಇದ್ದರೆ ರಿಮ್ಮು ಬಿಸಿಯಾಗುತ್ತೆ.

ಚಳಿಗಾಲದಲ್ಲಿ ಹಳ್ಳಿ ರಸ್ತೆಗೆ ಹೋದರೆ ಟಾರಿನ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತೆ. ಕಾರಿಗೆ ಪರವಾಗಿಲ್ಲ, ಗೇರ್ ಸೈಕಲ್ಲಿಗೆ ಹುರುಳಿ ಬಳ್ಳಿ ಯಮ. ಚೈನಿನ ಜೊತೆ, ಗೇರ್ ಬದಲಿಸೋಕೆ ಚೈನನ್ನ ಸರಿಸೋ ಹಿಂದಿನ ಡಿರೈಲರ್‌ನ ಪುಟ್ಟ ಚಕ್ರಕ್ಕೆ ಸುತ್ತಿಕೊಂಡು, ಇಡೀ ಡಿರೈಲರನ್ನ ಚಕ್ರದ ಕಡ್ಡಿಯೊಳಗೆ ಎಳೆದುಬಿಡುತ್ತೆ. ಇಳಿದು, ಸೈಕಲ್ ಎತ್ತಿಕೊಂಡೇ ದಾಟಿ. ಆಗಲೇ ಸಿಕ್ಕಿಕೊಂಡಿದ್ದರೆ ತುಳಿದು ಬಿಡಿಸೋಕೆ ಹೋಗಬೇಡಿ, ಎಳೆ ಎಳೆಯಾಗಿ ಕೈಯಲ್ಲೇ ಬಿಡಿಸಿ. ಅಲ್ಲಿ ಕೂತಿರೋ ಅಜ್ಜ "ಹುಷಾರು ಕಣಪ್ಪ" ಅಂದರೆ "ಆಯ್ತು ತಾತ" ಅನ್ನಿ, ರಸ್ತೆ ಅಡ್ಡಗಟ್ಟಿದ್ದಕ್ಕೆ ಜಗಳ ಬೇಡ. ನಾಯಿ ಅಟ್ಟಿಸಿಕೊಂಡು ಬಂದರೂ ಇಳಿಯೋದೇ ಉಪಾಯ. ಸೈಕಲ್ಲನ್ನ ನಿಮಗೂ ಅದಕ್ಕೂ ಮಧ್ಯೆ ಇಟ್ಟುಕೊಂಡು ನಡೆಯಿರಿ. ಸಾಮಾನ್ಯವಾಗಿ ಅವಕ್ಕೆ ಓಡೋ ಕಾಲಿನ ಮೇಲೆ ಆಸಕ್ತಿ, ನಡೆಯೋ ಕಾಲಿನ ಮೇಲಲ್ಲ.

ವೆಸ್ಟ್ ಗೇಟ್ ಬಂತು. ಬೀಗವನ್ನ ಬರೀ ಮುಂದಿನ ಚಕ್ರಕ್ಕೆ ಹಾಕಬೇಡಿ, ಚಕ್ರ ಬಿಚ್ಚೋ ಲಿವರ್ ಒಂದನ್ನ ಎತ್ತಿದರೆ ಚಕ್ರ ಇಲ್ಲೇ ಉಳಿದು ಸೈಕಲ್ ಹೋಗಿರುತ್ತೆ. ಹಿಂದಿನ ಚಕ್ರ, ಫ್ರೇಮು, ಕಂಬ ಮೂರನ್ನೂ ಸೇರಿಸಿ ಹಾಕಿ. ಲೈಟು ಕಳಚಿ ಜೇಬಿಗೆ.